ಎದೆಮಟ್ಟ ನೀರಲ್ಲಿ ಒಬ್ಬ ಟೈಲರ್

ಒಂದೇ ಕಡೆಯ ಎರಡು ತೋಳು ಕತ್ತರಿಸಿದ ದಿನ ನನಗೆ ನಿಜವಾಗಿ ಭಯವಾಯಿತು. ಗಿರಾಕಿಯೊಬ್ಬರ ಮಗಳ ಮದುವೆಗೆ ಬಂದಿದ್ದ ರೇಷ್ಮೆ ಬ್ಲೌಸ್ ಪೀಸ್ ಅದು. ತೋಳು ಕತ್ತರಿಸುವಾಗ ಮುಂಭಾಗಕ್ಕೆ ಸ್ವಲ್ಪ ಆಳ, ಹಿಂಭಾಗಕ್ಕೆ ಕಡಿಮೆ. ಇಪ್ಪತ್ತು ವರ್ಷದಿಂದ ಕಣ್ಣುಮುಚ್ಚಿ ಮಾಡುವ ಕೆಲಸ. ಆವತ್ತು ಎರಡೂ ಎಡಗೈದೇ ಆಗಿದ್ದವು. ಹೆಚ್ಚಿಗೆ ಬಟ್ಟೆ ಇರಲಿಲ್ಲ. ಕತ್ತರಿ ಪಕ್ಕಕ್ಕಿಟ್ಟು ಆ ಎರಡು ತುಂಡನ್ನೇ ನೋಡುತ್ತಾ ಕೂತೆ.

ನೋವು ಅದಕ್ಕೂ ಎರಡು ವರ್ಷ ಮೊದಲೇ ಶುರುವಾಗಿತ್ತು. ಮೊದಲು ಕತ್ತು, ಆಮೇಲೆ ಭುಜ. ಆಮೇಲೆ ಸೊಂಟ, ತೊಡೆ, ದವಡೆ. ಇಲ್ಲೇ ಅಂತ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಮೈ. ಮುದ್ದೆ ಕೋಲು ತಿರುವಲು ತೋಳಲ್ಲಿ ಶಕ್ತಿ ಇಲ್ಲ. ಮಗಳು ಪ್ರೀತಿಯಿಂದ ಹಿಂದಿನಿಂದ ಬಂದು ತಬ್ಬಿಕೊಂಡರೆ "ಬಿಡೇ" ಅಂತ ಕಿರುಚುತ್ತಿದ್ದೆ. ಅವಳು ತಬ್ಬಿಕೊಳ್ಳುವುದನ್ನೇ ಬಿಟ್ಟಳು. ಅದು ನೋವಿಗಿಂತ ಜಾಸ್ತಿ ನೋವು.

ತುಮಕೂರಿನಲ್ಲಿ ತೋರಿಸದ ಡಾಕ್ಟರಿಲ್ಲ. ಒಬ್ಬರು ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿಸಿದರು. ಒಬ್ಬರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ರಿಪೋರ್ಟುಗಳನ್ನು ತಿರುವಿ, "ಎಲ್ಲ ನಾರ್ಮಲ್ ಇದೆ ಕಣಮ್ಮ. ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಎಂದು ಕಳಿಸಿದರು. ನಾರ್ಮಲ್ ಅಂದರೆ ಖುಷಿಯಾಗಬೇಕು ಅಲ್ವಾ? ನಾನು ಆಟೋದಲ್ಲಿ ಅಳುತ್ತಾ ಮನೆಗೆ ಬಂದೆ. ನಮ್ಮತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅವರಾದರೂ ನೋವಿದೆ ಅಂತ ಒಪ್ಪಿಕೊಂಡರು, ಅಷ್ಟು ಸಮಾಧಾನ.

ತೋಳಿನ ಪ್ರಸಂಗ ಆದ ಮೇಲೆ ನಮ್ಮ ಮನೆಯವರು ಬೆಂಗಳೂರಿಗೆ ಕರೆದುಕೊಂಡು ಹೋದರು. ಎಪ್ಪತ್ತು ಕಿಲೋಮೀಟರ್. ಬಸ್ಸಿನಲ್ಲಿ ಕೂರಲಾರದೆ ನೆಲಮಂಗಲದವರೆಗೆ ಕಂಬಿ ಹಿಡಿದು ನಿಂತೇ ಹೋದೆ. ಅಲ್ಲಿ ಸಂಧಿವಾತದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು ನನಗೆ ವಿಚಿತ್ರ ಅನ್ನಿಸಿತು. "ನಿಮ್ಮ ತವರು ಯಾವುದಮ್ಮ? ಚಿಕ್ಕವಳಿದ್ದಾಗ ಯಾವ ನೀರು ಕುಡೀತಿದ್ರಿ?"

ನನ್ನ ತವರು ಪಾವಗಡ ತಾಲ್ಲೂಕು. ಮದುವೆಯಾಗುವ ತನಕ ಕುಡಿದಿದ್ದು ಬೋರ್‌ವೆಲ್ ನೀರೇ. ಅದರಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು, ಮಕ್ಕಳ ಹಲ್ಲು ನೋಡಿದರೇ ತಿಳಿಯುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದಂತೆ. ವರ್ಷಗಟ್ಟಲೆ ದಾಟಿದರೆ ಮೂಳೆ, ಕೀಲು ಬಿಗಿದು ಇದೇ ತರಹ ಮೈಯೆಲ್ಲ ನೋಯುತ್ತದೆ. ಅದಕ್ಕೇ ಅವರು ಮುಂಗೈ ಎಕ್ಸ್‌ರೇ ತೆಗೆಸಿದರು. ಅದು ಚೆನ್ನಾಗಿತ್ತು. ಥೈರಾಯ್ಡ್, ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್ ಅಂತ ಮಾಡಿಸಿದ ರಕ್ತಪರೀಕ್ಷೆ ಯಾವುದರಲ್ಲೂ ತೊಂದರೆ ಕಾಣಲಿಲ್ಲ. ವಿಟಮಿನ್ ಡಿ ಮಾತ್ರ ಕಡಿಮೆ ಇತ್ತು. ವಾರಕ್ಕೊಂದು ಮಾತ್ರೆ ನುಂಗಿ ಅದು ಸರಿಯಾಯಿತು, ನೋವು ಹೋಗಲಿಲ್ಲ.

ಆಮೇಲೆ ಒಂದು ಕಾಗದ ಕೊಟ್ಟರು. ಅದರಲ್ಲಿ ಮೈಯ ಚಿತ್ರ, ಅದನ್ನು 19 ಜಾಗವಾಗಿ ಪಾಲು ಮಾಡಿದ್ದರು. ಕಳೆದ ಒಂದು ವಾರದಲ್ಲಿ ನೋವಿದ್ದ ಕಡೆಯೆಲ್ಲ ಗುರುತು ಹಾಕಬೇಕು. ನಾನು 13 ಕಡೆ ಹಾಕಿದೆ. ಸುಸ್ತು ಎಷ್ಟು, ಎದ್ದಾಗ ನಿದ್ದೆ ಮಾಡಿದ ಹಾಗೆ ಅನ್ನಿಸುತ್ತದಾ, ಮರೆವು ಎಷ್ಟು ಅಂತಲೂ ಕೇಳಿದರು. ಮರೆವು ಅಂದ ತಕ್ಷಣ ನಾನು ಆ ತೋಳಿನ ಕಥೆ ಹೇಳಿದೆ. ಅವರು ನಗಲಿಲ್ಲ. ಬರೆದುಕೊಂಡರು. "ಇದೂ ಕಾಯಿಲೆಯ ಭಾಗವೇ" ಎಂದರು. ಮೊದಲೆಲ್ಲ 18 ಜಾಗ ಒತ್ತಿ ನೋಡಿ, 11 ಕಡೆ ನೋವಾದರೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋಯುವ ನನ್ನ ಈ ಕಾಯಿಲೆ, ಅನ್ನುತ್ತಿದ್ದರಂತೆ. 1990ರ ಲೆಕ್ಕ ಅದು. 2010ರಿಂದ ಈ ಚಿತ್ರ ಮತ್ತು ಪ್ರಶ್ನೆಗಳ ಲೆಕ್ಕ ಬಂದಿದೆ.

ಫೈಬ್ರೊಮಯಾಲ್ಜಿಯಾ. ಹೇಳಲು ಬಾರದ ಹೆಸರು. ನಮ್ಮತ್ತೆ ಇವತ್ತಿಗೂ "ಅದೇ ನಿನ್ನ ಪೈಬರ್ ಕಾಯಿಲೆ" ಅನ್ನುತ್ತಾರೆ.

ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದರು. ನಿದ್ದೆ ಸ್ವಲ್ಪ ಗಟ್ಟಿಯಾಯಿತು, ಬೆಳಿಗ್ಗೆ ಬಾಯಿ ಒಣಗಿ ಮರಳಾಗುತ್ತಿತ್ತು. ಆದರೆ ಮಾತ್ರೆಗಿಂತ ಹೆಚ್ಚು ಹೊತ್ತು ಅವರು ಮಾತಾಡಿದ್ದು ವ್ಯಾಯಾಮದ ಬಗ್ಗೆ. ಯುರೋಪಿನ ಸಂಧಿವಾತ ತಜ್ಞರು 2016ರಲ್ಲಿ ಈ ಕಾಯಿಲೆಯ ಎಲ್ಲ ಚಿಕಿತ್ಸೆಗಳನ್ನೂ ಅಳೆದು ತೂಗಿದಾಗ, ಗಟ್ಟಿಯಾಗಿ ಮಾಡಿ ಅಂತ ಹೇಳಿದ್ದು ವ್ಯಾಯಾಮ ಒಂದನ್ನೇ ಅಂತೆ. ನನಗೆ ಸಿಟ್ಟೇ ಬಂತು. ಮೆಟ್ಟಿಲು ಹತ್ತಲಾರದವಳಿಗೆ ವ್ಯಾಯಾಮವಾ? "ನೀರಲ್ಲಿ ಶುರು ಮಾಡಿ" ಎಂದರು. ತುಮಕೂರಿನ ಒಬ್ಬ ಫಿಸಿಯೋಥೆರಪಿಸ್ಟ್ ನಂಬರ್ ಕೊಟ್ಟರು.

ಆ ಹುಡುಗಿಗೆ ಹೆಚ್ಚೆಂದರೆ ಮೂವತ್ತು ವರ್ಷ. ನನ್ನನ್ನು ಅಕ್ಕಾ ಅನ್ನುತ್ತಿದ್ದಳು, ನಾನು ಅವಳನ್ನು ಮೇಡಂ ಅನ್ನುತ್ತಿದ್ದೆ. ಆರು ಶನಿವಾರ ಅವಳ ಕ್ಲಿನಿಕ್ಕಿನಲ್ಲೇ ಪಾಠ. ವಾರಕ್ಕೆ ಎರಡು ದಿನ ಒಂದು ಈಜುಕೊಳದಲ್ಲಿ ಮಧ್ಯಾಹ್ನ ಹೆಂಗಸರ ಸಮಯದಲ್ಲಿ ವ್ಯಾಯಾಮ. ನಾವು ಏಳು ಜನ. ಒಬ್ಬರು ಮೇಷ್ಟ್ರು ಹೆಂಡತಿ, ಒಬ್ಬರು ಗಾರ್ಮೆಂಟ್ಸ್ ಕೆಲಸ ಬಿಟ್ಟವರು, ಒಬ್ಬಳು ಇನ್ನೂ ಎಂಜಿನಿಯರಿಂಗ್ ಓದುವ ಹುಡುಗಿ. ಮೊದಲ ದಿನ ಒಬ್ಬೊಬ್ಬರೇ ನೋವು ಹೇಳಿಕೊಳ್ಳುವಾಗ ಇಡೀ ಕೋಣೆ "ಹೌದು ಹೌದು" ಅನ್ನುತ್ತಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಯಾರೂ "ನಿನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀಯ" ಅನ್ನಲಿಲ್ಲ.

ಪಾಠದಲ್ಲಿ ಮೇಡಂ ಹೇಳಿದ್ದು ಇಷ್ಟು. ಮೂಳೆ, ಮಾಂಸಖಂಡ ಹಾಳಾಗಿಲ್ಲ. ನೋವನ್ನು ಅಳೆಯುವ ನರ, ಮಿದುಳುಗಳ ವ್ಯವಸ್ಥೆ ಅತಿ ಚುರುಕಾಗಿಬಿಟ್ಟಿದೆ. ಸಣ್ಣ ಒತ್ತಡವೂ ದೊಡ್ಡ ನೋವಾಗಿ ತಲುಪುತ್ತದೆ. ಇದು ಕಲ್ಪನೆಯಲ್ಲ, ನೋವು ನಿಜವೇ. ಉಳಿದವರು ತಲೆ ಆಡಿಸಿದರು. ನನಗೆ ಮಾತ್ರ ಹೊಲಿಗೆ ಮಿಷಿನ್ನೇ ಕಣ್ಣ ಮುಂದೆ ಬಂತು. ಬಟ್ಟೆ ಚೆನ್ನಾಗಿರುತ್ತದೆ, ದಾರ ಚೆನ್ನಾಗಿರುತ್ತದೆ, ಸೂಜಿಯೂ ಹೊಸದೇ. ಆದರೂ ಹೊಲಿಗೆಯುದ್ದಕ್ಕೂ ಬಟ್ಟೆ ಸುಕ್ಕು ಸುಕ್ಕು. ಯಾಕೆ? ಮೇಲಿರುವ ಟೆನ್ಷನ್ ತಿರುಪು ಬಿಗಿಯಾಗಿರುತ್ತದೆ. ಕಲಿಯಲು ಬರುವ ಹುಡುಗಿಯರು ಬಟ್ಟೆಯನ್ನೇ ಬೈಯುತ್ತಾರೆ. ನಾನು ಇದನ್ನು ಹೇಳಿದಾಗ ಮೇಡಂ ಬೋರ್ಡಿನ ಮೇಲೆ ತಾನು ಬರೆದಿದ್ದ ಮಿದುಳನ್ನು ಅಳಿಸಿ ಹೊಲಿಗೆ ಮಿಷಿನ್ ಬರೆದಳು. ಮಿಷಿನ್ನಿನ ಹಾಗಿರಲಿಲ್ಲ, ರುಬ್ಬುವ ಕಲ್ಲಿನ ಹಾಗಿತ್ತು. "ಟೆನ್ಷನ್ ಮಾಡ್ಕೋಬೇಡ" ಅಂದಿದ್ದ ಡಾಕ್ಟರು ನೆನಪಾಗಿ ನಗು ಬಂತು. ತಿರುಪು ಎಲ್ಲಿದೆ ಅಂತ ಅವರೂ ಹೇಳಿರಲಿಲ್ಲ.

ಎರಡನೇ ಶನಿವಾರ ಡೈರಿ ನೋಡಿದರು. ದಿನವೂ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ನಿದ್ದೆ ಎಷ್ಟು, ಕೆಲಸ ಎಷ್ಟು ಅಂತ ಬರೆಯಬೇಕಿತ್ತು. ನನ್ನದು ನೋಡಿ ಮೇಡಂ ಸುಮ್ಮನೆ ಬೆರಳಿಟ್ಟು ತೋರಿಸಿದಳು. ಸೋಮವಾರ ನೋವು 4, ಬ್ಲೌಸ್ 11. ಮಂಗಳವಾರ ನೋವು 9, ಬ್ಲೌಸ್ ಸೊನ್ನೆ. ಬುಧವಾರ 9. ಗುರುವಾರ 8. ಶುಕ್ರವಾರ ನೋವು 5, ಬ್ಲೌಸ್ 9. ಶನಿವಾರ ಮತ್ತೆ 9.

"ಅಕ್ಕಾ, ನೀವು ಚೆನ್ನಾಗಿರೋ ದಿನವೇ ಹಾಳು ಮಾಡ್ಕೋತಿದ್ದೀರಾ."

ನನಗೆ ಅದು ಹೊಳೆದೇ ಇರಲಿಲ್ಲ. ನೋವು ಕಡಿಮೆ ಇದ್ದ ದಿನ ಬಾಕಿ ಎಲ್ಲ ಮುಗಿಸಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಗಿರಾಕಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಆ ವಾರ ಒಟ್ಟು 20 ಬ್ಲೌಸ್. ದಿನಕ್ಕೆ ನಾಲ್ಕರಂತೆ ಆರು ದಿನ ಹೊಲಿದಿದ್ದರೆ 24. ಲೆಕ್ಕದಲ್ಲಿ ನಾನು ಹುಷಾರು ಅಂದುಕೊಂಡಿದ್ದೆ.

ಇನ್ನು ನೀರು. ಮೊದಲ ಸಮಸ್ಯೆ ಬಟ್ಟೆ. ನಲವತ್ತಮೂರನೇ ವಯಸ್ಸಿಗೆ ಈಜುಡುಗೆ ಹಾಕಿಕೊಂಡು ನಿಲ್ಲುವುದು ಹೇಗೆ? ಹತ್ತಿಯ ಚೂಡಿದಾರ್ ಹಾಕಿದರೆ ಒದ್ದೆಯಾಗಿ ಕಲ್ಲಾಗುತ್ತದೆ, ಈಜುಕೊಳದವರು ಬಿಡುವುದೂ ಇಲ್ಲ. ನೈಲಾನ್ ಲೈಕ್ರಾ ಬಟ್ಟೆಯೇ ಬೇಕು. ಟೈಲರ್ ಅಲ್ವಾ ನಾನು, ಚಿಕ್ಕಪೇಟೆಗೆ ಹೋಗುವ ಹುಡುಗನ ಕೈಲಿ ಎರಡೂವರೆ ಮೀಟರ್ ತರಿಸಿದೆ. ಉದ್ದ ತೋಳು, ಮೊಣಕಾಲು ದಾಟುವ ಲೆಗ್ಗಿಂಗ್ಸ್, ಮೇಲೊಂದು ಗಿಡ್ಡ ಸ್ಕರ್ಟ್. ಎಂದಿನ ನೇರ ಹೊಲಿಗೆಯಲ್ಲೇ ಹೊಲಿದೆ. ಮೊದಲ ದಿನ ನೀರಿಗಿಳಿದು ಕಾಲು ಅಗಲಿಸಿದ ತಕ್ಷಣ ದಾರ ಪಟಪಟ ಅಂತ ಬಿಚ್ಚಿಕೊಂಡಿತು. ಬಟ್ಟೆ ಎಳೆದರೆ ಹಿಗ್ಗುತ್ತದೆ, ನೇರ ಹೊಲಿಗೆಯ ದಾರ ಹಿಗ್ಗುವುದಿಲ್ಲ. ಟವೆಲ್ ಸುತ್ತಿಕೊಂಡು ಮನೆಗೆ ಬಂದೆ. ಎರಡನೇ ಸಲ ಬಾಲ್ ಪಾಯಿಂಟ್ ಸೂಜಿ ಹಾಕಿ ಜಿಗ್‌ಜಾಗ್ ಹೊಲಿಗೆ ಹಾಕಿದೆ. ಇವತ್ತಿನವರೆಗೂ ಒಂದು ಎಳೆ ಕಿತ್ತಿಲ್ಲ.

ಎರಡನೇ ಸಮಸ್ಯೆ ಜನ. ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವ ದಿನ ಎಲ್ಲ ಕೆಲಸ ಬಿಟ್ಟು ಕಾಯುತ್ತೇವೆ. ಹೇಮಾವತಿ ಬುಗುಡನಹಳ್ಳಿ ಕೆರೆಗೆ ಬಂದಳಾ ಇಲ್ಲವಾ ಅನ್ನುವುದೇ ಬೇಸಿಗೆಯ ಮಾತು. ಅಂಥ ಊರಲ್ಲಿ "ನೀರಲ್ಲಿ ವ್ಯಾಯಾಮ ಮಾಡೋಕೆ ಹೋಗ್ತೀನಿ" ಅಂದರೆ ಪಕ್ಕದ ಮನೆಯಾಕೆ ಏನು ಹೇಳಬೇಕು? "ನಮಗೆ ಬಿಂದಿಗೆ ತುಂಬೋಕಿಲ್ಲ, ಇವಳಿಗೆ ಮುಳುಗೋಕೆ ಬೇಕಂತೆ" ಅಂದಳಂತೆ. ತಪ್ಪೇನಿಲ್ಲ.

ನನಗೆ ಈಜು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಎದೆಮಟ್ಟ ನೀರಲ್ಲಿ ನಿಂತೇ ಎಲ್ಲ ಮಾಡುವುದು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಸೊಂಟದ ಮಟ್ಟ ಬಂದಾಗ ಮೈ ಭಾರ ಸುಮಾರು ಅರ್ಧ ಇಳಿಯುತ್ತದೆ, ಎದೆಮಟ್ಟಕ್ಕೆ ಹೋದರೆ ಕಾಲಿನ ಮೇಲೆ ಬೀಳುವುದು ಮೂರರಲ್ಲಿ ಒಂದು ಪಾಲು ಅಷ್ಟೇ ಅಂತ ಮೇಡಂ ಹೇಳಿದ್ದಳು. ಕೇಳಿದ್ದು ಬೇರೆ, ಆಗಿದ್ದು ಬೇರೆ. ತಲೆ ಮೇಲಿಂದ ಹುಲ್ಲಿನ ಹೊರೆ ಯಾರೋ ಇಳಿಸಿಕೊಂಡ ಹಾಗಾಯಿತು. ಹಿಮ್ಮಡಿ ನೆಲಕ್ಕೆ ತಾಗುತ್ತಿದೆ, ನೋವಿಲ್ಲ. ನೀರು ಸುತ್ತಲೂ ಒಂದೇ ಸಮ ಒತ್ತುತ್ತಿದೆ. ಮೈ ಮುಟ್ಟಿದರೆ ಉರಿಯುವವಳಿಗೆ ಆ ಒತ್ತು ಹಿತವಾಗಿತ್ತು. ಕಣ್ಣಲ್ಲಿ ನೀರು ಬಂತು. ಕ್ಲೋರಿನ್ ಅಂತ ಕಣ್ಣುಜ್ಜಿಕೊಂಡೆ.

ಮೊದಲ ವಾರ ಇಪ್ಪತ್ತೇ ನಿಮಿಷ. ಮುಂದಕ್ಕೆ ನಡೆಯುವುದು, ಹಿಂದಕ್ಕೆ, ಅಡ್ಡಡ್ಡ. ಭುಜ ಮುಳುಗುವಷ್ಟು ಮಂಡಿ ಬಗ್ಗಿಸಿ, ಕೈ ಚಾಚಿ ಬಾಗಿಲು ತೆಗೆದು ಮುಚ್ಚುವ ಹಾಗೆ ಆಡಿಸುವುದು. ಇದರಲ್ಲೊಂದು ಉಪಾಯವಿದೆ. ಅಂಗೈಯನ್ನು ಚಾಕುವಿನ ಹಾಗೆ ಅಡ್ಡ ಹಿಡಿದರೆ ನೀರು ಸುಲಭವಾಗಿ ಬಿಟ್ಟುಕೊಡುತ್ತದೆ. ಅಂಗೈ ಅಗಲಿಸಿ ತಳ್ಳಿದರೆ ಎದುರು ತಳ್ಳುತ್ತದೆ. ವೇಗ ಜಾಸ್ತಿ ಮಾಡಿದರೆ ಇನ್ನೂ ಗಟ್ಟಿ. ಅಂದರೆ ತೂಕ ಎತ್ತುವ ಡಂಬೆಲ್ ನಮ್ಮ ಕೈಯಲ್ಲೇ ಇದೆ, ಎಷ್ಟು ಕೆಜಿ ಅಂತ ತೀರ್ಮಾನ ಮಾಡುವವರೂ ನಾವೇ. ಆಮೇಲೆ ಉದ್ದನೆಯ ಫೋಮ್ ಕೊಳವೆಯ ಮೇಲೆ ಕೂತು ಸೈಕಲ್ ತುಳಿಯುವುದು. ಅದಕ್ಕೆ ನೂಡಲ್ ಅಂತ ಹೆಸರು. ಮೇಷ್ಟ್ರು ಹೆಂಡತಿ ಅದನ್ನು "ಮ್ಯಾಗಿ ಕೊಡಿ" ಅಂತಲೇ ಕೇಳುತ್ತಿದ್ದರು. ಮಾಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಏದುಸಿರು ಬರಬಾರದು. ಇದು ನಿಯಮ. ಮಾತಾಡುವುದರಲ್ಲಿ ನಮ್ಮ ತಂಡ ಎಂದೂ ಫೇಲ್ ಆಗಲಿಲ್ಲ.

ಮೂರನೇ ತರಗತಿಯಲ್ಲಿ ನಾನು ಎಡವಿದೆ. ನೀರೊಳಗೆ ನೋವೇ ಗೊತ್ತಾಗುವುದಿಲ್ಲವಲ್ಲ, ಎಲ್ಲರೂ ಹತ್ತಿ ಹೋದ ಮೇಲೂ ಇನ್ನೂ ಇಪ್ಪತ್ತು ನಿಮಿಷ ನಡೆದೆ. ಬ್ಲೌಸ್ ಬುದ್ಧಿ! ಮೆಟ್ಟಿಲು ಹತ್ತುವಾಗಲೇ ಗೊತ್ತಾಯಿತು. ಒಂದೊಂದು ಮೆಟ್ಟಿಲಿಗೂ ಮೈಯ ಭಾರವೆಲ್ಲ ವಾಪಸ್ ಬಂತು, ಬಡ್ಡಿ ಸಮೇತ. ಮಾರನೇ ದಿನ ತಲೆ ಬಾಚಲು ಕೈ ಎತ್ತಲಾಗಲಿಲ್ಲ. ಮೂರು ದಿನ ಅಂಗಡಿ ಮುಚ್ಚಿದೆ. ನೀರಿನಿಂದಲೇ ಹೀಗಾಯಿತು, ಇನ್ನು ಹೋಗಲ್ಲ ಅಂತ ಮೇಡಂಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ. "ಡೈರಿಯಲ್ಲಿ ಬರೀರಿ ಅಕ್ಕಾ. ನೀರು 40 ನಿಮಿಷ ಅಂತ" ಎಂದಳು. ಬರೆದೆ. ಅದು ಸೋಮವಾರದ 11 ಬ್ಲೌಸಿನ ಪಕ್ಕದಲ್ಲೇ ಬಂದು ಕೂತಿತು.

ಆಮೇಲೆ ಕಟ್ಟುನಿಟ್ಟು. ಎಷ್ಟೇ ಹಿತವಾಗಿದ್ದರೂ ಹೊತ್ತಾದರೆ ಹತ್ತಿಬಿಡುವುದು. ಮಾರನೇ ದಿನ ನೋವು ಏರದಿದ್ದರೆ ಮುಂದಿನ ವಾರ ಎರಡು ನಿಮಿಷ ಜಾಸ್ತಿ. ಅಷ್ಟೇ. ಇಪ್ಪತ್ತರಿಂದ ನಲವತ್ತಕ್ಕೆ ಹೋಗಲು ನನಗೆ ಮೂರು ತಿಂಗಳು ಹಿಡಿಯಿತು.

ನೀರಿನ ಬಿಸಿಯ ಬಗ್ಗೆಯೂ ಹೇಳಬೇಕು. ಇಂಥ ವ್ಯಾಯಾಮಕ್ಕೆ 32ರಿಂದ 34 ಡಿಗ್ರಿಯ ಬೆಚ್ಚನೆ ನೀರು ಒಳ್ಳೆಯದು. ನಮ್ಮ ಕೊಳಕ್ಕೆ ಹೀಟರ್ ಎಲ್ಲಿಂದ ಬರಬೇಕು? ಸೂರ್ಯನೇ ಹೀಟರ್. ಅದಕ್ಕೇ ಮಧ್ಯಾಹ್ನ ಮೂರು ಗಂಟೆ. ಏಪ್ರಿಲ್‌ನಲ್ಲಿ ಮೇಡಂ ತೇಲಿಬಿಡುತ್ತಿದ್ದ ಥರ್ಮಾಮೀಟರ್ 30 ತೋರಿಸುತ್ತಿತ್ತು. ಮಳೆ ಶುರುವಾದ ಮೇಲೆ ಒಂದು ದಿನ 25ಕ್ಕೆ ಇಳಿಯಿತು. ಇಳಿದ ಐದು ನಿಮಿಷಕ್ಕೆ ಕತ್ತು ಮರದ ಕೊರಡಾಯಿತು, ಎಲ್ಲರೂ ಹತ್ತಿಬಿಟ್ಟೆವು. ಹತ್ತಿದ ಮೇಲೆ ಫ್ಯಾನ್ ಕೆಳಗೆ ನಿಲ್ಲಬಾರದು, ಒದ್ದೆ ಬಟ್ಟೆ ತಕ್ಷಣ ಬದಲಾಯಿಸಬೇಕು. ಗಾಯ, ಚರ್ಮದ ಸೋಂಕು ಇದ್ದರೆ ಇಳಿಯುವ ಹಾಗಿಲ್ಲ. ಹೃದಯದ ತೊಂದರೆ, ಮೂರ್ಛೆ ಇದ್ದವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ನೀರಿನಲ್ಲೇ ಏನೋ ಮಾಂತ್ರಿಕ ಶಕ್ತಿ ಇದೆ ಅಂತ ನಾನು ಹೇಳಲಾರೆ. ಎಂಜಿನಿಯರಿಂಗ್ ಹುಡುಗಿ ಹುಡುಕಿ ಓದಿದ್ದಳು. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 2014ರಲ್ಲಿ 16 ಅಧ್ಯಯನಗಳನ್ನು, ಒಟ್ಟು 881 ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ್ದರಂತೆ. ಸುಮ್ಮನಿದ್ದವರಿಗಿಂತ ನೀರಲ್ಲಿ ವ್ಯಾಯಾಮ ಮಾಡಿದವರ ನೋವು, ಬಿಗಿತ ಕಡಿಮೆಯಾಗಿತ್ತು, ಓಡಾಟ ಸುಧಾರಿಸಿತ್ತು. ಆದರೆ ಪುರಾವೆ ಅಷ್ಟೇನೂ ಗಟ್ಟಿಯಲ್ಲ ಅಂತಲೂ ಅವರೇ ಬರೆದಿದ್ದಾರೆ. ನೆಲದ ಮೇಲೆ ಮಾಡಿದವರಿಗೂ ಹೆಚ್ಚುಕಡಿಮೆ ಅಷ್ಟೇ ಗುಣ. ಮೇಡಂ ಕೂಡ ಇದನ್ನು ಮುಚ್ಚಿಡಲಿಲ್ಲ. "ನೆಲದ ಮೇಲೆ ಮಾಡೋಕೆ ಭಯ ಇರೋರಿಗೆ ಇದು ಬಾಗಿಲು ಅಷ್ಟೇ" ಎಂದಳು.

ನಾಲ್ಕನೇ ಶನಿವಾರ ಮನೆಯವರನ್ನು ಕರೆತರಬೇಕಿತ್ತು. ಏಳು ಜನರಲ್ಲಿ ಮೂವರ ಗಂಡಂದಿರು ಬಂದರು. ನಮ್ಮವರು ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಇವಳು ನಗ್ತಾ ಇದ್ದಾಗಲೂ ನೋವು ಇರುತ್ತಾ ಮೇಡಂ?" ಇರುತ್ತದೆ ಎಂದಳು. ಬೈಕಿನಲ್ಲಿ ವಾಪಸ್ ಬರುವಾಗ ಅವರು ಮಾತಾಡಲಿಲ್ಲ. ಕ್ಯಾತ್ಸಂದ್ರದ ಕಡೆ ತಿರುಗಿಸಿ ತಟ್ಟೆ ಇಡ್ಲಿ ತಿನ್ನಿಸಿದರು. ಮಾರನೇ ದಿನದಿಂದ ಮುದ್ದೆ ತಿರುವುವುದು ಅವರ ಪಾಲಿಗೆ ಬಂತು. ಇವತ್ತಿಗೂ ಗಂಟು ಬಿಡುತ್ತಾರೆ. ನಮ್ಮತ್ತೆ ಗಂಟು ಆರಿಸಿ ತಟ್ಟೆ ಪಕ್ಕಕ್ಕಿಡುತ್ತಾರೆ, ನಾನು ನೋಡಿಯೂ ನೋಡದ ಹಾಗೆ ನುಂಗುತ್ತೇನೆ.

ಈಗ ಮಿಷಿನ್ ಪಕ್ಕ ಒಂದು ಅಡುಗೆಮನೆ ಟೈಮರ್ ಇದೆ. ಇಪ್ಪತ್ತೈದು ನಿಮಿಷ ಹೊಲಿಗೆ, ಐದು ನಿಮಿಷ ಎದ್ದು ಓಡಾಟ. ಪೈಪಿಂಗ್ ಅರ್ಧ ಆಗಿರಲಿ, ಕೈ ಎತ್ತಲೇಬೇಕು. ಮೊದಮೊದಲು ಇದು ನೋವಿಗಿಂತ ಕಷ್ಟವಾಗಿತ್ತು. ದಿನಕ್ಕೆ ನಾಲ್ಕು ಬ್ಲೌಸ್, ಗೌರಿ ಹಬ್ಬಕ್ಕೂ ಐದು ದಾಟುವುದಿಲ್ಲ. ಕೆಲವು ಹಳೆ ಗಿರಾಕಿಗಳು ಬೇರೆ ಕಡೆ ಹೋದರು. ನೋವು ಹೋಗಿಲ್ಲ. 7, 8 ಇದ್ದದ್ದು ಈಗ 4ರ ಆಸುಪಾಸಿನಲ್ಲಿದೆ, ಮೋಡ ಮುಚ್ಚಿದ ದಿನ, ಜಗಳವಾಡಿದ ದಿನ 6. ತೋಳು ಕತ್ತರಿಸುವ ಮೊದಲು ಚಾಕ್‌ನಲ್ಲಿ ಎಡ, ಬಲ ಅಂತ ಬರೆದುಕೊಳ್ಳುತ್ತೇನೆ. ಮಗಳು ಪಿಯುಸಿ ಫಲಿತಾಂಶ ಬಂದ ದಿನ ಓಡಿ ಬಂದು ತಬ್ಬಿಕೊಂಡಳು. ನೋವಾಯಿತು. ಬಿಡು ಅನ್ನಲಿಲ್ಲ.

ನವೆಂಬರಿನಿಂದ ಕೊಳಕ್ಕೆ ಇಳಿಯಲು ಆಗುತ್ತಿಲ್ಲ, ನೀರು ಕೊರೆಯುತ್ತದೆ. ಅಮಾನಿಕೆರೆ ಪಾರ್ಕಿನಲ್ಲಿ ನಡೆಯುತ್ತಿದ್ದೇನೆ, ಬಿಸಿಲು ಏರಿದ ಮೇಲೆ. ಮೇಷ್ಟ್ರು ಹೆಂಡತಿಯೂ ಬರುತ್ತಾರೆ. ಮಾರ್ಚಿಗೆ ಕೊಳ ಮತ್ತೆ ಶುರುವಾಗುವಷ್ಟರಲ್ಲಿ ಅವರಿಗೂ ಇನ್ನಿಬ್ಬರಿಗೂ ನನ್ನ ಹಾಗೆ ಉದ್ದ ತೋಳಿನ ಈಜುಡುಗೆ ಹೊಲಿದುಕೊಡಬೇಕಂತೆ. ಅಳತೆ ತೆಗೆದುಕೊಂಡೆ, ಬಟ್ಟೆ ಬಂದಿದೆ, ಜಿಗ್‌ಜಾಗ್‌ಗೆ ದಾರ ಪೋಣಿಸಿದ್ದೇನೆ. "ಮೂರೂ ಒಟ್ಟಿಗೆ ಈ ವಾರವೇ ಕೊಟ್ಟುಬಿಡು" ಎಂದರು. ವಾರಕ್ಕೆ ಒಂದು ಎಂದೆ.